ಉಚಿತವೋ, ಮುಕ್ತವೋ, ಸ್ವತಂತ್ರವೋ?

ಪ್ರಶ್ನೆ: ನಮ್ಮ ವಾಚನಾಲಯದ ಕಂಪ್ಯೂಟರುಗಳಿಗೆ ಡೆಬಿಯನ್ ಕಾರ್ಯಾಚರಣಾ ವ್ಯವಸ್ಥೆ, ಕಚೇರಿ ಕೆಲಸಕ್ಕೆ ಲಿಬ್ರೆಆಫೀಸ್ ಹಾಕಿಸಿದ್ದೇವೆ. ‘ಉಚಿತ ತಂತ್ರಾಂಶ ಲಭ್ಯ’ ಎಂದು ಬೋರ್ಡು ಬರೆಸಲು ಹೊರಟರೆ ಸದಸ್ಯರೊಬ್ಬರು ‘ಮುಕ್ತ’ ಎಂದಿರಬೇಕು ಅನ್ನುತ್ತಾರೆ. ಯಾವುದು ಸರಿ?
— ಕಾರ್ಯದರ್ಶಿ, ಬಸವನಗುಡಿ

ಉತ್ತರ: ‘ಉಚಿತ’ ಖಂಡಿತ ಬೇಡ, ಅದು ಬೆಲೆಯ ಮಾತು. ಶಕ್ತಿ ಯೋಜನೆಯಲ್ಲಿ ಬಿಎಂಟಿಸಿ ಬಸ್ಸು ಹತ್ತುವ ಹೆಣ್ಣುಮಕ್ಕಳಿಗೆ ಟಿಕೆಟ್ಟಿನ ದುಡ್ಡು ಉಳಿಯುತ್ತದೆ, ಬಸ್ಸಿನ ದಾರಿ ಬದಲಿಸುವ ಹಕ್ಕು ಬರುವುದಿಲ್ಲ. ಕಾಸಿಲ್ಲದೆ ಸಿಗುವ ಎಷ್ಟೋ ಆ್ಯಪ್‌ಗಳೂ ಹಾಗೆಯೇ. ಅವನ್ನು ಫ್ರೀವೇರ್ ಎನ್ನುತ್ತಾರೆ. ನೀವು ಹಾಕಿಸಿರುವುದರಲ್ಲಿ ನಾಲ್ಕು ಹಕ್ಕುಗಳಿವೆ: ಯಾವ ಕೆಲಸಕ್ಕಾದರೂ ಬಳಸುವುದು, ಒಳಗಿನ ಕೋಡ್ ಓದಿ ತಿದ್ದುವುದು, ಪ್ರತಿ ಹಂಚುವುದು, ತಿದ್ದಿದ ಪ್ರತಿಯನ್ನೂ ಹಂಚುವುದು. ಪ್ರೋಗ್ರಾಮರುಗಳ ರೂಢಿಯಂತೆ ಇವುಗಳ ಎಣಿಕೆ 0ಯಿಂದ 3ರವರೆಗೆ.

‘ಮುಕ್ತ’ ತಪ್ಪಲ್ಲ. ಆದರೆ 1998ರಲ್ಲಿ ಹುಟ್ಟಿದ ‘ಓಪನ್ ಸೋರ್ಸ್’ ಎಂಬ ಹೆಸರಿಗೂ ಕನ್ನಡದಲ್ಲಿ ಇದೇ ಪದ ಬಳಕೆಯಲ್ಲಿದೆ, ಎರಡೂ ಬೆರೆತುಹೋಗುತ್ತವೆ. ಪದದ ಜಾಗ ತಪ್ಪಿದರೂ ಕಷ್ಟ: ಪ್ಲಾಸ್ಟಿಕ್‌ಮುಕ್ತ ಎಂದರೆ ಪ್ಲಾಸ್ಟಿಕ್ ಇಲ್ಲ, ಸಾಲಮುಕ್ತ ಎಂದರೆ ಸಾಲ ಇಲ್ಲ. ಬೋರ್ಡು ಬರೆಯುವವರು ‘ತಂತ್ರಾಂಶಮುಕ್ತ’ ಎಂದು ಹಿಂದುಮುಂದು ಮಾಡಿದರೆ ಕಂಪ್ಯೂಟರೇ ಖಾಲಿ! ‘ಸ್ವತಂತ್ರ ತಂತ್ರಾಂಶ’ ಎಂದು ಬರೆಸಿ. ‘ತಂತ್ರ’ ಎರಡು ಸಲ ಬಂದು ಕಿವಿಗೂ ಹಿತ. ಕೆಳಗೆ ‘ಬಳಸಿ, ಓದಿ, ತಿದ್ದಿ, ಹಂಚಿ’ ಎಂದು ಸೇರಿಸಿದರೆ ಕೇಳುವವರಿಗೆ ಬೇರೆ ವಿವರಣೆ ಬೇಕಾಗದು.

ಬರೆಸುವ ಮೊದಲು ಒಂದು ಪರೀಕ್ಷೆ ಮಾಡಿ. ಡೆಬಿಯನ್ 12ರಿಂದ ಇನ್‌ಸ್ಟಾಲ್ ಮಾಡುವಾಗಲೇ ವೈಫೈ ಮುಂತಾದವುಗಳ ಸ್ವತಂತ್ರವಲ್ಲದ ಫರ್ಮ್‌ವೇರ್ (ಯಂತ್ರಭಾಗಗಳನ್ನು ನಡೆಸುವ ಒಳತಂತ್ರಾಂಶ) ಸೇರಿಕೊಳ್ಳಬಹುದು. ‘ಚೆಕ್-ಡಿಎಫ್‌ಎಸ್‌ಜಿ-ಸ್ಟೇಟಸ್’ (check-dfsg-status) ಎಂಬ ಪ್ಯಾಕೇಜ್ ಹಾಕಿ, ಆದೇಶ ಟೈಪಿಸುವ ಕಿಟಕಿಯಾದ ಟರ್ಮಿನಲ್‌ನಲ್ಲಿ ಓಡಿಸಿದರೆ ಅಂಥವುಗಳ ಪಟ್ಟಿ ಬರುತ್ತದೆ. ಇದರ ಹಳೆಯ ಹೆಸರು ‘ವಿಆರ್‌ಎಂಎಸ್’, ಅಂದರೆ ‘ವರ್ಚುವಲ್ ರಿಚರ್ಡ್ ಎಂ. ಸ್ಟಾಲ್‌ಮನ್’. 1983ರಲ್ಲಿ ಸ್ವತಂತ್ರ ತಂತ್ರಾಂಶಕ್ಕಾಗಿ ಗ್ನು ಯೋಜನೆ ಘೋಷಿಸಿದ ಸ್ಟಾಲ್‌ಮನ್ನರೇ ನಿಮ್ಮ ಕಂಪ್ಯೂಟರಿನಲ್ಲಿ ಕೂತು ತಪಾಸಣೆ ಮಾಡಿದಂತೆ!

ಪ್ರಶ್ನೆ: ‘ಗ್ನು’ವೋ, ‘ನ್ಯೂ’ವೋ?
— ವಿದ್ಯಾರ್ಥಿನಿ, ಜಯನಗರ

ಉತ್ತರ: ಗ್ನು. ಅದೇ ಹೆಸರಿನ ಪ್ರಾಣಿಯನ್ನು ಇಂಗ್ಲಿಷಿನವರು ‘ನೂ’ ಎನ್ನುವುದರಿಂದ ಗೊಂದಲ. ಲಗ್ನ, ಮಗ್ನ ಎನ್ನುವ ನಾಲಿಗೆಗೆ ಇದು ಸಲೀಸು. ಇಂಗ್ಲಿಷಿನಲ್ಲಿ ವಿಸ್ತರಿಸಿದರೆ ‘ಗ್ನೂಸ್ ನಾಟ್ ಯುನಿಕ್ಸ್’, ಅಂದರೆ ‘ಗ್ನು ಯುನಿಕ್ಸ್ ಅಲ್ಲ’ (ಯುನಿಕ್ಸ್ ಹಳೆಯದೊಂದು ಕಾರ್ಯಾಚರಣಾ ವ್ಯವಸ್ಥೆ). ಅದರೊಳಗಿನ ‘ಗ್ನು’ವನ್ನು ಮತ್ತೆ ವಿಸ್ತರಿಸಿದರೆ ಮುಗಿಯುವುದೇ ಇಲ್ಲ.

ಪ್ರಶ್ನೆ: ಕಾಪಿಲೆಫ್ಟ್ ಎಂದರೆ ಹಕ್ಕು ಬಿಟ್ಟುಕೊಟ್ಟಂತೆಯೇ? ಗ್ನು ಯೋಜನೆಯ ಜಿಪಿಎಲ್ ಎಂಬ ಕಾಪಿಲೆಫ್ಟ್ ಪರವಾನಗಿಯ ತಂತ್ರಾಂಶವನ್ನು ಪೆನ್‌ಡ್ರೈವಿಗೆ ತುಂಬಿ ಮಾರಬಹುದೇ?
— ಕಂಪ್ಯೂಟರ್ ಅಂಗಡಿಯವರು, ಎಸ್‌.ಪಿ. ರಸ್ತೆ

ಉತ್ತರ: ಅಲ್ಲ. ‘ಕಾಪಿರೈಟ್’ನಲ್ಲಿರುವ ಇಂಗ್ಲಿಷಿನ ‘ರೈಟ್’ ಹಕ್ಕೂ ಹೌದು, ಬಲಗಡೆಯೂ ಹೌದು. ಅದನ್ನೇ ತಿರುವಿ ‘ಲೆಫ್ಟ್’ ಮಾಡಿದ್ದಾರೆ. ‘ಎಡಹಕ್ಕು’ ಎಂದು ಅನುವಾದಿಸಿದರೆ ಚಮತ್ಕಾರವೂ ಹೋಗುತ್ತದೆ, ಅರ್ಥವೂ ಹೋಗುತ್ತದೆ. ಹಕ್ಕುಸ್ವಾಮ್ಯ ಕರ್ತೃವಿನಲ್ಲೇ ಇರುತ್ತದೆ; ನಿಮಗೆ ಸಿಕ್ಕ ಸ್ವಾತಂತ್ರ್ಯ ನಿಮ್ಮಿಂದ ಪಡೆಯುವವರಿಗೂ ಸಿಗಲೇಬೇಕೆಂಬ ಷರತ್ತು ಅದರ ಬಲದಿಂದಲೇ ನಿಲ್ಲುತ್ತದೆ. ಧಾರಾಳವಾಗಿ ಮಾರಿ, ಬೆಲೆ ನಿಮ್ಮಿಷ್ಟ. ಆದರೆ ಪರವಾನಗಿ ಪತ್ರ, ಹಕ್ಕುಸ್ವಾಮ್ಯದ ಸಾಲುಗಳನ್ನು ಅಳಿಸಬೇಡಿ. ಅದೇ ಆವೃತ್ತಿಯ ಕೋಡನ್ನೂ ಅದೇ ಪೆನ್‌ಡ್ರೈವಿಗೆ ಹಾಕಿಕೊಡಿ. ಇಲ್ಲವಾದರೆ ಕೋಡ್ ಒದಗಿಸುವುದಾಗಿ ಕನಿಷ್ಠ 3 ವರ್ಷ ಊರ್ಜಿತವಿರುವ ಲಿಖಿತ ಭರವಸೆ ಕೊಡಬೇಕಾಗುತ್ತದೆ. ಅಷ್ಟು ಕಾಲ ಹಳೆಯ ಆವೃತ್ತಿಯನ್ನು ಕಾಪಾಡಿಕೊಳ್ಳುವುದು ಅಂಗಡಿಯವರಿಗೆ ದೊಡ್ಡ ಹೊರೆ.