ಆಟವೇ ಇಲ್ಲದ ಚಳಿಗಾಲದಲ್ಲಿ ರೆಡ್ ಸಾಕ್ಸ್ ಅಭಿಮಾನಿಗಳು ಯಾವುದಕ್ಕೆ ಜಗಳ ಆಡುತ್ತಾರೆ?

ನೀವು ಬಾಸ್ಟನ್‌ಗೆ ಬಂದು ಇದು ಮೊದಲ ಚಳಿಗಾಲ. ಮಾರ್ಚ್ ಕೊನೆಯವರೆಗೆ ಒಂದೂ ಪಂದ್ಯ ಇಲ್ಲ, ಆದರೂ ಆಫೀಸಿನಲ್ಲಿ ಊಟದ ಹೊತ್ತಿಗೆ ಎಲ್ಲರೂ ಊರಿನ ಬೇಸ್‌ಬಾಲ್ ತಂಡ ರೆಡ್ ಸಾಕ್ಸ್ ಯಾರನ್ನು ತಗೊಂಡಿತು, ಯಾರನ್ನು ಕಳಿಸಿಬಿಟ್ಟಿತು ಅಂತ ಗಂಟಲು ಏರಿಸುತ್ತಾರೆ. ಇದು ನಮ್ಮ ಐಪಿಎಲ್ ಹರಾಜಿನ ಥರಾನೇ ಅಲ್ಲವೇ, ಇಷ್ಟು ಸಿಟ್ಟು ಯಾಕೆ, ಮೂಕಿ ಬೆಟ್ಸ್ ಹೆಸರು ಬಂದರೆ ಮಾತು ಯಾಕೆ ಕಹಿಯಾಗುತ್ತದೆ ಅಂತ ಕೇಳಿದ್ದೀರಿ. ನಾನು ಇಲ್ಲಿ ಹಲವು ವರ್ಷಗಳಿಂದ ಇದ್ದೇನೆ, ಈ ತಂಡವನ್ನು ಆರ್‌ಸಿಬಿಯಷ್ಟೇ ಹಚ್ಚಿಕೊಂಡಿದ್ದೇನೆ. ಹಾಗಾಗಿ ಉತ್ತರ ಸ್ವಲ್ಪ ಉದ್ದವಾಗುತ್ತದೆ.

ಹರಾಜಿನ ಹೋಲಿಕೆಯನ್ನು ಮೊದಲು ಬದಿಗಿಡಿ. ಐಪಿಎಲ್‌ನಲ್ಲಿ ಹತ್ತೂ ತಂಡಗಳಿಗೆ ಒಂದೇ ಪರ್ಸ್. 2025ರ ಸೀಸನ್‌ಗೆ ಅದು 120 ಕೋಟಿ ರೂಪಾಯಿ. ಆರ್‌ಸಿಬಿ ಸಿರಾಜ್‌ನನ್ನು ಬಿಟ್ಟುಕೊಟ್ಟು, ಅವನು 12.25 ಕೋಟಿಗೆ ಗುಜರಾತ್ ಪಾಲಾದಾಗ ನಮಗೆ ಹೊಟ್ಟೆ ಉರಿಯಿತು, ನಿಜ. ಆದರೆ ಅವನಿಗೆ ಕೊಟ್ಟಿದ್ದರೆ ಇನ್ಯಾರಿಗೋ ಕಡಿಮೆಯಾಗುತ್ತಿತ್ತು ಅನ್ನುವುದೂ ನಿಜವೇ. ಎರಡು ದಿನದಲ್ಲಿ ಎಲ್ಲ ಮುಗಿದು, ಇರುವ ತಂಡವನ್ನೇ ನಮ್ಮದು ಅಂದುಕೊಂಡು ಮುಂದೆ ಹೋದೆವು.

ಅಮೆರಿಕದ ಬೇಸ್‌ಬಾಲ್‌ನ ಅತ್ಯುನ್ನತ ಹಂತವಾದ ಮೇಜರ್ ಲೀಗ್‌ನಲ್ಲಿ ಅಂಥ ಕಟ್ಟು ಇಲ್ಲ. ತಂಡದ ಒಟ್ಟು ಸಂಬಳ ಒಂದು ಗಡಿ ದಾಟಿದರೆ, ದಾಟಿದ ಮೊತ್ತದ ಮೇಲೆ ತೆರಿಗೆ ಬೀಳುತ್ತದೆ, ಅಷ್ಟೇ. ಎಲ್ಲರೂ ಅದನ್ನು ಲಕ್ಷುರಿ ಟ್ಯಾಕ್ಸ್ ಅನ್ನುತ್ತಾರೆ. 2025ರಲ್ಲಿ ಆ ಗಡಿ 24.1 ಕೋಟಿ ಡಾಲರ್. ಮೊದಲ ವರ್ಷ ದಾಟಿದರೆ 20 ಪರ್ಸೆಂಟ್, ಸತತ ಎರಡನೇ ವರ್ಷ 30, ಮೂರನೇ ವರ್ಷ 50. ತೆರಿಗೆ ಕಟ್ಟಲು ತಯಾರಿರುವ ಮಾಲೀಕನನ್ನು ತಡೆಯುವವರು ಯಾರೂ ಇಲ್ಲ. 2024ರ ಡಿಸೆಂಬರ್‌ನಲ್ಲಿ ಹ್ವಾನ್ ಸೋಟೋ 15 ವರ್ಷಕ್ಕೆ 76.5 ಕೋಟಿ ಡಾಲರ್ ಒಪ್ಪಂದ ಮಾಡಿಕೊಂಡು ನ್ಯೂಯಾರ್ಕ್ ಮೆಟ್ಸ್ ಸೇರಿದ್ದು ಹೀಗೆ. ಆ ರೇಸಿನಲ್ಲಿ ರೆಡ್ ಸಾಕ್ಸ್ ಕೂಡ ಇತ್ತು. ಹಾಗಾಗಿ ಒಳ್ಳೆಯ ಆಟಗಾರ ಕೈತಪ್ಪಿದಾಗ 'ಪರ್ಸ್ ಖಾಲಿ' ಅನ್ನುವ ಮಾತು ಇಲ್ಲಿ ನಡೆಯುವುದಿಲ್ಲ. ಮಾಲೀಕರಿಗೆ ಮನಸ್ಸಿತ್ತೇ ಇಲ್ಲವೇ ಅನ್ನುವ ಪ್ರಶ್ನೆಯೇ ಉಳಿಯುತ್ತದೆ, ಅದಕ್ಕೆ ಉತ್ತರ ಹುಡುಕಲು ನವೆಂಬರ್‌ನಿಂದ ಫೆಬ್ರವರಿಯವರೆಗೆ ಬೇಕಾದಷ್ಟು ಸಮಯ ಇರುತ್ತದೆ.

ಆದರೆ ಜಗಳದ ಬೇರು ದುಡ್ಡಿಗಿಂತ ಹೆಚ್ಚಾಗಿ ವರ್ಷಗಳ ಲೆಕ್ಕದಲ್ಲಿದೆ. ಇದೊಂದು ಅರ್ಥವಾದರೆ ಊಟದ ಮೇಜಿನ ಮುಕ್ಕಾಲು ಮಾತು ನಿಮಗೆ ತಿಳಿಯುತ್ತದೆ. ಒಬ್ಬ ಹುಡುಗ ಮೇಜರ್ ಲೀಗ್‌ಗೆ ಬಂದ ಮೇಲೆ ಆರು ವರ್ಷದ ಸೇವೆ ಮುಗಿಯುವವರೆಗೆ ತಂಡದ ಕೈಯಲ್ಲೇ ಇರುತ್ತಾನೆ. ಮೊದಲ ಮೂರು ವರ್ಷ ಸಾಮಾನ್ಯವಾಗಿ ಕನಿಷ್ಠ ಸಂಬಳದ ಆಸುಪಾಸು. ಆಮೇಲಿನ ಮೂರು ವರ್ಷ ಸಂಬಳ ಏರುತ್ತದೆ, ಒಮ್ಮತ ಬರದಿದ್ದರೆ ಮಧ್ಯಸ್ಥರು ತೀರ್ಮಾನ ಮಾಡುತ್ತಾರೆ. ಆರು ಮುಗಿದ ಮೇಲೆ ಅವನು ಫ್ರೀ ಏಜೆಂಟ್, ಎಲ್ಲಿಗೆ ಬೇಕಾದರೂ ಹೋಗಬಹುದು. ಹಾಗಾಗಿ ಟ್ರೇಡ್ ಅಂದರೆ ಇಬ್ಬರು ಆಟಗಾರರ ಅದಲುಬದಲು ಅನ್ನುವುದು ಅರ್ಧ ಮಾತು. ಒಬ್ಬನ ಉಳಿದಿರುವ ಎರಡು ವರ್ಷಕ್ಕೆ ಇನ್ನೊಬ್ಬನ ಮುಂದಿನ ಆರು ವರ್ಷ ಕೊಡುತ್ತಾರೆ. ಒಬ್ಬ ಅಭಿಮಾನಿಗೆ ಈ ಅಕ್ಟೋಬರ್‌ನಲ್ಲೇ ಗೆಲುವು ಬೇಕು, ಇನ್ನೊಬ್ಬನಿಗೆ 2029ರವರೆಗೂ ಗಟ್ಟಿಯಾಗಿ ನಿಲ್ಲುವ ತಂಡ ಬೇಕು. ಇಬ್ಬರೂ ಅದೇ ಟೋಪಿ ಹಾಕಿಕೊಂಡು ಬೇರೆ ಬೇರೆ ವರ್ಷಗಳ ತಂಡಕ್ಕಾಗಿ ವಾದ ಮಾಡುತ್ತಿರುತ್ತಾರೆ.

ಈಗ ಮೂಕಿ ಬೆಟ್ಸ್. 2011ರ ಡ್ರಾಫ್ಟ್‌ನಲ್ಲಿ, ಅಂದರೆ ತಂಡಗಳು ಸರದಿಯಂತೆ ಹೊಸ ಹುಡುಗರನ್ನು ಆರಿಸಿಕೊಳ್ಳುವಾಗ, ಐದನೇ ಸುತ್ತಿನಲ್ಲಿ ಸಿಕ್ಕ ಹುಡುಗ. ನಮ್ಮದೇ ಮೈನರ್ ಲೀಗ್ (ಕೆಳಹಂತದ) ತಂಡಗಳಲ್ಲಿ ಬೆಳೆದು, 2018ರಲ್ಲಿ ಅಮೆರಿಕನ್ ಲೀಗ್‌ನ, ಅಂದರೆ ಮೇಜರ್ ಲೀಗ್‌ನ ಎರಡು ಭಾಗಗಳಲ್ಲಿ ನಮ್ಮ ಭಾಗದ, ಅತ್ಯುತ್ತಮ ಆಟಗಾರನಾದ. ಆ ವರ್ಷ ತಂಡ 108 ಪಂದ್ಯ ಗೆದ್ದು, ಲಾಸ್ ಏಂಜಲೀಸ್‌ನ ಡಾಡ್ಜರ್ಸ್ ತಂಡವನ್ನು ಸೋಲಿಸಿ ವರ್ಲ್ಡ್ ಸೀರೀಸ್ ಅನ್ನುವ ಫೈನಲ್ ಕೂಡ ಗೆದ್ದಿತು. 2020ರ ಫೆಬ್ರವರಿಯಲ್ಲಿ ಅವನನ್ನು ಅದೇ ಡಾಡ್ಜರ್ಸ್‌ಗೆ ಕೊಟ್ಟುಬಿಟ್ಟರು. ಜೊತೆಗೆ ಡೇವಿಡ್ ಪ್ರೈಸ್ ಅನ್ನುವ ದುಬಾರಿ ಪಿಚರ್‌ನನ್ನೂ (ಚೆಂಡು ಎಸೆಯುವವನು, ನಮ್ಮ ಬೌಲರ್ ಇದ್ದ ಹಾಗೆ) ಕಳಿಸಿ, ಅವನ ಬಾಕಿ ಸಂಬಳದಲ್ಲಿ ಅರ್ಧ ತಾವೇ ಹೊತ್ತರು. ಬದಲಿಗೆ ಬಂದವರು ಮೂವರು: ಅಲೆಕ್ಸ್ ವರ್ಡೂಗೊ, ಜೀಟರ್ ಡೌನ್ಸ್, ಕಾನರ್ ವಾಂಗ್.

ಆಗ ತಂಡದ ಪರ ವಾದಿಸಿದವರ ಮಾತು ಹೀಗಿತ್ತು: ಬೆಟ್ಸ್ ಫ್ರೀ ಏಜೆಂಟ್ ಆಗಲು ಒಂದೇ ವರ್ಷ ಬಾಕಿ, ತಂಡ ಮುಂದಿಟ್ಟ ದೀರ್ಘ ಒಪ್ಪಂದಗಳನ್ನು ಒಪ್ಪಿಲ್ಲ, ಸುಮ್ಮನೆ ಬಿಟ್ಟರೆ ಮುಂದಿನ ಚಳಿಗಾಲ ಬರಿಗೈ ಆಗುತ್ತದೆ. 2018, 2019 ಎರಡೂ ವರ್ಷ ತೆರಿಗೆಯ ಗಡಿ ದಾಟಿತ್ತು, ಮೂರನೇ ಸಲ ದಾಟಿದರೆ ದರ 50 ಪರ್ಸೆಂಟ್. ಕಾಗದದ ಮೇಲೆ ಇದು ತಪ್ಪಲ್ಲ. ಆದರೆ ಅದೇ ಜುಲೈನಲ್ಲಿ, ಡಾಡ್ಜರ್ಸ್ ಪರ ಒಂದು ಅಧಿಕೃತ ಪಂದ್ಯ ಆಡುವ ಮೊದಲೇ, ಬೆಟ್ಸ್ 12 ವರ್ಷಕ್ಕೆ 36.5 ಕೋಟಿ ಡಾಲರ್ ಒಪ್ಪಂದಕ್ಕೆ ಸಹಿ ಹಾಕಿದ. ಆ ಅಕ್ಟೋಬರ್‌ನಲ್ಲೇ ಡಾಡ್ಜರ್ಸ್ ಚಾಂಪಿಯನ್, ಆಮೇಲೆ 2024 ಮತ್ತು 2025ರಲ್ಲಿ ಮತ್ತೆ. ಬಾಸ್ಟನ್ 2020ರಲ್ಲಿ ತನ್ನ ವಿಭಾಗದಲ್ಲಿ ಕೊನೆಯ ಸ್ಥಾನ. 2021ರಲ್ಲಿ ಒಂದು ಒಳ್ಳೆಯ ಓಟ, ಆಮೇಲೆ 2022, 2023 ಮತ್ತೆ ಕೊನೆ. ಬಂದ ಮೂವರಲ್ಲಿ ಡೌನ್ಸ್‌ನನ್ನು ಕೈಬಿಟ್ಟರು, ವರ್ಡೂಗೊನನ್ನು ಬದ್ಧ ಎದುರಾಳಿ ನ್ಯೂಯಾರ್ಕ್ ಯಾಂಕೀಸ್‌ಗೇ ಕೊಟ್ಟರು.

ನನ್ನ ಅಭಿಪ್ರಾಯ ಸ್ಪಷ್ಟವಾಗಿ ಹೇಳುತ್ತೇನೆ. ಅದು ಆಟದ ದೃಷ್ಟಿಯಿಂದ ಮಾಡಿದ ಟ್ರೇಡ್ ಅಲ್ಲ, ಸಂಬಳದ ಪಟ್ಟಿ ಇಳಿಸಲು ಮಾಡಿದ್ದು. ಜಾನ್ ಹೆನ್ರಿ ಮತ್ತು ಅವರ ಪಾಲುದಾರರು 2002ರಲ್ಲಿ ಈ ತಂಡ ಕೊಂಡ ಮೇಲೆ 2004, 2007, 2013, 2018 ಅಂತ ನಾಲ್ಕು ಸಲ ಗೆಲ್ಲಿಸಿದ್ದಾರೆ. ಆ ಋಣ ನನಗೆ ಗೊತ್ತು. ಆದರೂ 27ನೇ ವಯಸ್ಸಿನಲ್ಲಿ, ತಂಡವೇ ಬೆಳೆಸಿದ ಅಂಥ ಆಟಗಾರನನ್ನು ಬಿಟ್ಟದ್ದನ್ನು ನಾನು ಕ್ಷಮಿಸಿಲ್ಲ. ಊರಿಗೆ ಇದರಲ್ಲಿ ಹಳೆಯ ಗಾಯವೂ ಇದೆ. ಬೇಸ್‌ಬಾಲ್‌ನ ದಂತಕಥೆ ಬೇಬ್ ರೂತ್‌ನನ್ನು ಯಾಂಕೀಸ್‌ಗೆ ಮಾರಿದ ಸುದ್ದಿ ಹೊರಬಿದ್ದದ್ದು 1920ರ ಜನವರಿಯಲ್ಲಿ. 1918ರ ನಂತರದ ಗೆಲುವಿಗೆ 2004ರವರೆಗೆ ಕಾಯಬೇಕಾಯಿತು. ಬೆಟ್ಸ್ ಹೋದದ್ದು ಅದಾಗಿ ಸರಿಯಾಗಿ ನೂರು ವರ್ಷಕ್ಕೆ. ಅಜ್ಜಂದಿರು ಹೇಳಿದ ಕಥೆಯನ್ನು ಮೊಮ್ಮಕ್ಕಳು ಕಣ್ಣಾರೆ ಕಂಡ ಹಾಗಾಯಿತು.

ಅಭಿಮಾನಿಗಳ ಸಿಟ್ಟಿಗೆ ಬೆಲೆ ಇಲ್ಲ ಅಂದುಕೊಳ್ಳಬೇಡಿ. 2022ರ ಡಿಸೆಂಬರ್‌ನಲ್ಲಿ ನಮ್ಮ ಶಾರ್ಟ್‌ಸ್ಟಾಪ್ (ಎರಡನೇ, ಮೂರನೇ ಬೇಸ್‌ಗಳ ನಡುವೆ ಫೀಲ್ಡಿಂಗ್ ಮಾಡುವವ) ಜಾಂಡರ್ ಬೋಗಾರ್ಟ್ಸ್ ಕೂಡ 11 ವರ್ಷ, 28 ಕೋಟಿ ಡಾಲರ್‌ಗೆ ಸ್ಯಾನ್ ಡಿಯಾಗೋ ಸೇರಿದ. ಮರು ತಿಂಗಳು ತಂಡದ ತವರು ಫೆನ್‌ವೇ ಮೈದಾನದಲ್ಲಿ ನಡೆದ ಐಸ್ ಹಾಕಿ ಪಂದ್ಯಕ್ಕೆ ಬಂದ ಹೆನ್ರಿಯವರನ್ನು ಜನ ಕೂಗಿ ಛೀಮಾರಿ ಹಾಕಿದರು. ಕೆಲವೇ ದಿನಗಳಲ್ಲಿ ತಂಡದ ಮತ್ತೊಬ್ಬ ದೊಡ್ಡ ಬ್ಯಾಟರ್ ರಫಾಯೆಲ್ ಡೆವರ್ಸ್‌ಗೆ 10 ವರ್ಷ, 31.35 ಕೋಟಿ ಡಾಲರ್ ಒಪ್ಪಂದ ಬಂತು. ಆ ಕೂಗಿನಿಂದಲೇ ಬಂತು ಅಂತ ನಾನು ಹೇಳುವುದಿಲ್ಲ, ಆದರೆ ಆ ಕೂಗು ಅವರ ಕಿವಿಗೆ ಬಿದ್ದಿತ್ತು.

ಎಲ್ಲ ಟ್ರೇಡ್‌ಗಳೂ ಬೆಟ್ಸ್ ಟ್ರೇಡ್ ಥರ ಒಂದೇ ಕಡೆ ವಾಲಿದವಲ್ಲ. 2023ರ ಕೊನೆಗೆ ಕ್ರಿಸ್ ಸೇಲ್‌ನನ್ನು ಅಟ್ಲಾಂಟಾಗೆ ಕೊಟ್ಟು ವಾನ್ ಗ್ರಿಸಮ್‌ನನ್ನು ತಂದಾಗ ನನ್ನ ಸುತ್ತಲಿನವರಲ್ಲಿ ಹಲವರು ಒಪ್ಪಿದ್ದರು. ವರ್ಷಗಟ್ಟಲೆ ಗಾಯದಲ್ಲಿ ನರಳಿದ ಪಿಚರ್, ಎದುರಿಗೆ ಹಲವು ವರ್ಷ ಕೈಯಲ್ಲಿರುವ ಎಳೆಯ ಹುಡುಗ. ಸೇಲ್ ಮರುವರ್ಷವೇ 18 ಗೆಲುವು, 225 ಸ್ಟ್ರೈಕ್‌ಔಟ್ (ಬ್ಯಾಟರ್‌ನನ್ನು ಮೂರು ಸ್ಟ್ರೈಕ್‌ಗೆ ಔಟ್ ಮಾಡುವುದು) ಮಾಡಿ, ಮೇಜರ್ ಲೀಗ್‌ನ ಇನ್ನೊಂದು ಭಾಗವಾದ ನ್ಯಾಷನಲ್ ಲೀಗ್‌ನಲ್ಲಿ ಅತ್ಯುತ್ತಮ ಪಿಚರ್‌ಗೆ ಕೊಡುವ ಸೈ ಯಂಗ್ ಪ್ರಶಸ್ತಿ ಎತ್ತಿದ. ಗ್ರಿಸಮ್ ಇಲ್ಲಿ ಬೇರೂರಲೇ ಇಲ್ಲ. ಫಲಿತಾಂಶ ನೋಡಿದ ಮೇಲೆ 'ನಾನು ಆಗಲೇ ಹೇಳಿದ್ದೆ' ಅನ್ನುವವರು ನಿಮ್ಮ ಆಫೀಸಿನಲ್ಲಿ ಖಂಡಿತ ಇರುತ್ತಾರೆ. ಅವರ ಮಾತಿಗೆ ನಾನು ಹೆಚ್ಚು ತೂಕ ಕೊಡುವುದಿಲ್ಲ. ಒಂದು ಟ್ರೇಡ್‌ನ ನ್ಯಾಯ ಅದು ನಡೆದ ದಿನ ಗೊತ್ತಿದ್ದ ಸಂಗತಿಗಳ ಮೇಲೆ ಆಗಬೇಕು.

ಪಿಚರ್ ಗ್ಯಾರೆಟ್ ಕ್ರೋಶೆಯ ಟ್ರೇಡ್ ಬಗ್ಗೆ ನಡೆದದ್ದು ನನಗೆ ಅತ್ಯಂತ ಇಷ್ಟವಾದ ವಾದ. ರೋಮನ್ ಆಂಥನಿ, ಮಾರ್ಸೆಲೋ ಮೇಯರ್, ಕ್ರಿಸ್ಟಿಯನ್ ಕ್ಯಾಂಪ್‌ಬೆಲ್, ಕೈಲ್ ಟೀಲ್ ಅಂತ ನಾಲ್ವರು ಹುಡುಗರು ಮೈನರ್ ಲೀಗ್‌ನಲ್ಲಿ ಒಟ್ಟಿಗೆ ಬೆಳೆಯುತ್ತಿದ್ದರು. ಕೊನೆಯ ಸ್ಥಾನದ ವರ್ಷಗಳಲ್ಲಿ ನಮಗಿದ್ದ ಆಸೆಯೇ ಅವರು. 2024ರ ಡಿಸೆಂಬರ್‌ನಲ್ಲಿ ಟೀಲ್ ಮತ್ತು ಇನ್ನೂ ಮೂವರನ್ನು ಶಿಕಾಗೋ ವೈಟ್ ಸಾಕ್ಸ್‌ಗೆ ಕೊಟ್ಟು ಕ್ರೋಶೆಯನ್ನು ತಂದರು. ಇವನಿಗೆ ಬಾಕಿ ಇದ್ದದ್ದು ಎರಡೇ ವರ್ಷ. ನಾಲ್ವರ ಒಟ್ಟು ಇಪ್ಪತ್ತಕ್ಕೂ ಹೆಚ್ಚು ವರ್ಷಗಳನ್ನು ಒಬ್ಬ ಪಿಚರ್‌ನ ಎರಡು ವರ್ಷಕ್ಕೆ ಕೊಟ್ಟಿರಲ್ಲ ಅಂತ ಒಂದು ಬಣ. 2016ರಲ್ಲಿ ಇದೇ ವೈಟ್ ಸಾಕ್ಸ್‌ಗೆ ಯೋಆನ್ ಮೊಂಕಾಡನಂಥ ಹೆಸರಾಂತ ಹುಡುಗನನ್ನು ಕೊಟ್ಟು ಸೇಲ್‌ನನ್ನು ತಂದದ್ದರಿಂದಲೇ 2018 ಬಂತು ಅಂತ ಇನ್ನೊಂದು ಬಣ. ನಾನು ಎರಡನೆಯ ಬಣದವ. ಬೇರೆ ತಂಡಗಳು ಬಿಟ್ಟುಕೊಡಲು ಒಪ್ಪದಂಥ ಪಿಚರ್ ಸಿಗುವುದಾದರೆ, ಇನ್ನೂ ಮೇಲಿನ ಹಂತ ನೋಡದ ಹುಡುಗರನ್ನು ಹಿಡಿದುಕೊಂಡು ಕೂರಬಾರದು. ಸೀಸನ್ ಶುರುವಾಗುತ್ತಿದ್ದ ಹಾಗೆ ಕ್ರೋಶೆಗೆ ಆರು ವರ್ಷ, 17 ಕೋಟಿ ಡಾಲರ್ ಒಪ್ಪಂದ ಕೊಟ್ಟು 'ಎರಡೇ ವರ್ಷ' ಅನ್ನುವ ದೂರನ್ನೂ ತಂಡ ಮುಗಿಸಿತು. ಅವನು 2025ರಲ್ಲಿ 18 ಪಂದ್ಯ ಗೆದ್ದು 255 ಸ್ಟ್ರೈಕ್‌ಔಟ್ ಮಾಡಿದ. ಪ್ಲೇಆಫ್‌ನ ಮೊದಲ ಪಂದ್ಯದಲ್ಲಿ ಯಾಂಕೀಸ್‌ನ ಅಂಗಳದಲ್ಲೇ 11 ಜನರನ್ನು ಸ್ಟ್ರೈಕ್‌ಔಟ್ ಮಾಡಿ ಗೆಲ್ಲಿಸಿದ. ಮುಂದಿನ ಎರಡು ಪಂದ್ಯ ಸೋತೆವು, ಅದು ಬೇರೆ ಮಾತು.

ಈಗ ನಿಮ್ಮ ಸಹೋದ್ಯೋಗಿಗಳು ನಿಜಕ್ಕೂ ಗಂಟಲು ಏರಿಸುತ್ತಿರುವುದು ಮೂರನೇ ಬೇಸ್ ಅನ್ನುವ ಫೀಲ್ಡಿಂಗ್ ಜಾಗದ ಬಗ್ಗೆ ಇರಬೇಕು. 2025ರ ಫೆಬ್ರವರಿಯಲ್ಲಿ ಅಲೆಕ್ಸ್ ಬ್ರೆಗ್ಮನ್‌ನನ್ನು ಮೂರು ವರ್ಷಕ್ಕೆ 12 ಕೋಟಿ ಡಾಲರ್ ಕೊಟ್ಟು ತಂದರು. ಮೊದಲ ವರ್ಷದ ನಂತರವೇ ಬೇಕಿದ್ದರೆ ಹೊರಡುವ ಹಕ್ಕು ಅವನಿಗಿತ್ತು. ಆದರೆ ಮೂರನೇ ಬೇಸ್ ಡೆವರ್ಸ್‌ನ ಜಾಗ. ಅವನನ್ನು ಬರೀ ಬ್ಯಾಟಿಂಗ್‌ಗೆ ಸರಿಸಿದರು. ಮನಸ್ಸಿಲ್ಲದೆ ಒಪ್ಪಿದ. ಮೇ ತಿಂಗಳಲ್ಲಿ ಮೊದಲ ಬೇಸ್‌ನ ಟ್ರಿಸ್ಟನ್ ಕಸಾಸ್ ಮೊಣಕಾಲಿಗೆ ಗಾಯ ಮಾಡಿಕೊಂಡಾಗ, ಈಗ ಆ ಜಾಗದಲ್ಲಿ ಆಡು ಅಂದರು. ಡೆವರ್ಸ್ ಒಪ್ಪಲಿಲ್ಲ, ಪತ್ರಕರ್ತರ ಮುಂದೆಯೇ ಹೇಳಿದ. ಮಾಲೀಕರು ಅವನ ಜೊತೆ ಮಾತಾಡಲು ಕ್ಯಾನ್ಸಸ್ ಸಿಟಿಗೆ ಹೋದರು. ಜೂನ್ 15ರಂದು ಯಾಂಕೀಸ್ ವಿರುದ್ಧದ ಮೂರೂ ಪಂದ್ಯ ಗೆದ್ದ ಸಂಜೆಯೇ ಡೆವರ್ಸ್‌ನನ್ನು ಸ್ಯಾನ್ ಫ್ರಾನ್ಸಿಸ್ಕೋ ಜೈಂಟ್ಸ್‌ಗೆ ಕಳಿಸಿದ ಸುದ್ದಿ ಬಂತು. ಬಾಕಿ ಇದ್ದ 25 ಕೋಟಿ ಡಾಲರ್‌ಗೂ ಹೆಚ್ಚಿನ ಸಂಬಳವನ್ನು ಜೈಂಟ್ಸ್ ಹೊತ್ತಿತು. ಸೀಸನ್ ಮುಗಿದ ಮೇಲೆ ಬ್ರೆಗ್ಮನ್ ತನ್ನ ಹಕ್ಕು ಬಳಸಿ ಹೊರಬಂದು, 2026ರ ಜನವರಿಯಲ್ಲಿ ಐದು ವರ್ಷದ ಒಪ್ಪಂದಕ್ಕೆ ಶಿಕಾಗೋ ಕಬ್ಸ್ ಸೇರಿದ.

ಒಬ್ಬನಿಗಾಗಿ ಇನ್ನೊಬ್ಬನ ಮನಸ್ಸು ಮುರಿದರು, ಕೊನೆಗೆ ಇಬ್ಬರೂ ಇಲ್ಲ. ಡೆವರ್ಸ್ ತಂಡಕ್ಕಾಗಿ ಜಾಗ ಬದಲಿಸಬೇಕಿತ್ತು ಅನ್ನುವವರು ಇದ್ದಾರೆ. ನನಗೂ ಹಾಗೆ ಅನಿಸಿತ್ತು. ಆದರೆ ಹತ್ತು ವರ್ಷದ ಒಪ್ಪಂದ ಕೊಟ್ಟು ಕೂರಿಸಿದ ಆಟಗಾರನಿಗೆ ಮುಂಚಿತವಾಗಿ, ಮರ್ಯಾದೆಯಿಂದ ವಿಷಯ ತಿಳಿಸುವ ಹೊಣೆ ತಂಡದ್ದು. ಅದು ಸರಿಯಾಗಿ ಆಗಿದ್ದರೆ ಈ ವಾದವೇ ಇರುತ್ತಿರಲಿಲ್ಲ. ಬ್ರೆಗ್ಮನ್‌ಗೆ ಕೊಡದ ದುಡ್ಡನ್ನು ರೇಂಜರ್ ಸುವಾರೆಜ್ ಅನ್ನುವ ಎಡಗೈ ಪಿಚರ್‌ಗೆ ಕೊಟ್ಟಿದ್ದಾರೆ, ಹಾಗಾಗಿ ಜೇಬು ಬಿಗಿಹಿಡಿದರು ಅನ್ನುವ ಆರೋಪ ಈ ಸಲ ಪೂರ್ತಿ ನಿಲ್ಲುವುದಿಲ್ಲ. ಆದರೆ ಹೊಡೆಯುವವರ ಸಾಲಿನ ನಡುವೆ ಡೆವರ್ಸ್ ಬಿಟ್ಟುಹೋದ ಜಾಗವನ್ನು ಪಿಚರ್ ತುಂಬಲಾರ.

ಹಾಗಾಗಿ ನಾಳೆ ಊಟಕ್ಕೆ ಕೂತಾಗ ಯಾರದೇ ಹೆಸರು ಬಂದರೂ 'ಅವನ ಮೇಲೆ ತಂಡಕ್ಕೆ ಇನ್ನೂ ಎಷ್ಟು ವರ್ಷದ ಹಿಡಿತ ಇದೆ?' ಅಂತ ಕೇಳಿ. ಉತ್ತರ ಕೊಡುವವರು ಅಲ್ಲಿಂದ ತಾವೇ ಎಲ್ಲ ಬಿಡಿಸಿ ಹೇಳುತ್ತಾರೆ. ಫೆಬ್ರವರಿ ನಡುವೆ ಪಿಚರ್‌ಗಳು, ಕ್ಯಾಚರ್‌ಗಳು ಫ್ಲೋರಿಡಾದ ಫೋರ್ಟ್ ಮೈಯರ್ಸ್‌ನಲ್ಲಿ ಅಭ್ಯಾಸಕ್ಕೆ ಸೇರುತ್ತಾರೆ. ಬ್ರೆಗ್ಮನ್ ಬಾಸ್ಟನ್‌ಗೆ ಒಪ್ಪಿಕೊಂಡದ್ದೂ ಆ ಹೊತ್ತಿಗೇ, ಆದ್ದರಿಂದ ಅಭ್ಯಾಸ ಶುರುವಾಯಿತು ಅಂತ ಆ ವರ್ಷದ ತಂಡ ಸಿದ್ಧವಾಯಿತು ಅಂದುಕೊಳ್ಳಬೇಡಿ.