ಹೊಟ್ಟೆಯ ಬೊಜ್ಜು ಮೊದಲೋ, ಹಾರ್ಮೋನ್ ಏರುಪೇರು ಮೊದಲೋ?

ಪ್ರಶ್ನೆ: ನನಗೆ 26 ವರ್ಷ. ಎತ್ತರ 160 ಸೆಂಟಿಮೀಟರ್, ತೂಕ 58 ಕೆಜಿ. ಕೈಕಾಲು ಸಣ್ಣಗಿವೆ, ಹೊಟ್ಟೆ ಮಾತ್ರ ಮುಂದೆ ಬಂದಿದೆ. ಮುಟ್ಟು ಎರಡು ಮೂರು ತಿಂಗಳಿಗೊಮ್ಮೆ, ಗದ್ದದಲ್ಲಿ ಒರಟು ಕೂದಲು. ಸ್ಕ್ಯಾನ್ ಮಾಡಿ ಪಿಸಿಒಎಸ್ (ಪಾಲಿಸಿಸ್ಟಿಕ್ ಓವರಿ ಸಿಂಡ್ರೋಮ್) ಅಂದರು, ಅಂಡಾಶಯದಲ್ಲಿ ಗಡ್ಡೆಗಳಿವೆಯಂತೆ. 'ನೀನು ದಪ್ಪ ಇಲ್ವಲ್ಲ, ನಿನಗೆಲ್ಲಿಂದ ಬಂತು' ಅಂತ ಎಲ್ಲರೂ ಕೇಳುತ್ತಾರೆ. ಬೊಜ್ಜಿನಿಂದ ಹಾರ್ಮೋನ್ ಕೆಟ್ಟಿತೋ, ಹಾರ್ಮೋನ್ ಕೆಟ್ಟು ಬೊಜ್ಜು ಬಂತೋ? ರಾತ್ರಿ ಊಟ ಬಿಟ್ಟು ಮೂರು ತಿಂಗಳಾಯಿತು, ಏನೂ ಬದಲಾಗಿಲ್ಲ.

ಉತ್ತರ: ಮೊದಲು ಆ ಕೇಳುವವರಿಗೆ ಹೇಳಿಬಿಡೋಣ. ಪಿಸಿಒಎಸ್ ಬರಲು ದಪ್ಪ ಇರಬೇಕೆಂದೇನೂ ಇಲ್ಲ. ಸಣ್ಣಗಿರುವವರಿಗೂ ಬರುತ್ತದೆ. ಬೊಜ್ಜು ಸೇರಿದರೆ ತೊಂದರೆ ಜಾಸ್ತಿಯಾಗುತ್ತದೆ, ಅಷ್ಟೇ.

ನಿಮ್ಮ ಪ್ರಶ್ನೆ ಬೀಜ ಮೊದಲೋ ಮರ ಮೊದಲೋ ಅನ್ನುವಂಥದ್ದು. ಪಿಸಿಒಎಸ್ ಇರುವ ಹಲವರಲ್ಲಿ ಮಾಂಸಖಂಡಗಳು, ರಕ್ತದ ಸಕ್ಕರೆಯನ್ನು ಒಳಗೆ ಎಳೆದುಕೊಳ್ಳಿ ಅನ್ನುವ ಇನ್ಸುಲಿನ್ ಹಾರ್ಮೋನಿನ ಮಾತು ಸರಿಯಾಗಿ ಕೇಳುವುದಿಲ್ಲ. ಕೇಳಿಸಲಿ ಅಂತ ದೇಹ ಇನ್ನಷ್ಟು ಇನ್ಸುಲಿನ್ ಸುರಿಯುತ್ತದೆ. ತಮಾಷೆ ಏನೆಂದರೆ ಅಂಡಾಶಯದ ಕಿವಿ ಚೆನ್ನಾಗಿಯೇ ಇದೆ. ಅದು ಆ ಇನ್ಸುಲಿನ್ ಮಾತು ಕೇಳಿ ಟೆಸ್ಟೋಸ್ಟಿರಾನ್‌ನಂಥ ಗಂಡು ಹಾರ್ಮೋನುಗಳನ್ನು ಹೆಚ್ಚು ತಯಾರಿಸುತ್ತದೆ. ಸಾಲದ್ದಕ್ಕೆ, ರಕ್ತದಲ್ಲಿ ಟೆಸ್ಟೋಸ್ಟಿರಾನನ್ನು ಹಿಡಿದಿಟ್ಟುಕೊಳ್ಳುವ ಒಂದು ಪ್ರೋಟೀನನ್ನು ಲಿವರ್ ಕಡಿಮೆ ತಯಾರಿಸುತ್ತದೆ, ಹಾಗಾಗಿ ಕಡಿವಾಣವಿಲ್ಲದೆ ಓಡಾಡುವ ಟೆಸ್ಟೋಸ್ಟಿರಾನ್ ಇನ್ನೂ ಏರುತ್ತದೆ. ಗದ್ದದ ಕೂದಲು ಅದರದೇ ಕೆಲಸ. ಕೊಬ್ಬು ಹೊಟ್ಟೆಯ ಕಡೆಗೇ ಸೇರುವುದರಲ್ಲೂ ಅದರ ಕೈವಾಡವಿದೆ. ಕರುಳಿನ ಸುತ್ತ ಕೂತ ಈ ಕೊಬ್ಬು ಸುಮ್ನೆ ಕೂರುವುದಿಲ್ಲ, ಇನ್ಸುಲಿನ್‌ಗೆ ಮತ್ತೆ ಅಡ್ಡಗಾಲು ಹಾಕುತ್ತದೆ. ಸುತ್ತಿ ಬಳಸಿ ಅಲ್ಲಿಗೇ ಬಂದೆವು ಅಲ್ವಾ?

ಸ್ಕ್ಯಾನಿನ 'ಗಡ್ಡೆ'ಗಳಿಗೆ ಹೆದರಬೇಡಿ. ಅವು ಗಡ್ಡೆಯೇ ಅಲ್ಲ, ಬೆಳವಣಿಗೆ ಅರ್ಧಕ್ಕೇ ನಿಂತ, ಅಂಡಾಣು ಇರುವ ಪುಟ್ಟ ಚೀಲಗಳು. 'ಪಾಲಿಸಿಸ್ಟಿಕ್', ಅಂದರೆ ಹಲವು ಗಡ್ಡೆಗಳದ್ದು, ಅಂತ ಹೆಸರಿಟ್ಟವರ ತಪ್ಪು.

ತೂಕದ ಯಂತ್ರ ಬದಿಗಿಟ್ಟು ಟೇಪ್ ತೆಗೆದುಕೊಳ್ಳಿ. ಕೊನೆಯ ಪಕ್ಕೆಲುಬಿಗೂ ಸೊಂಟದ ಮೂಳೆಗೂ ನಡುವೆ, ಉಸಿರು ಬಿಟ್ಟ ಮೇಲೆ, ಹೊಟ್ಟೆ ಒಳಗೆಳೆದುಕೊಳ್ಳದೆ (ಎಲ್ಲರೂ ಎಳೆದುಕೊಳ್ಳುತ್ತಾರೆ!) ಅಳೆಯಿರಿ. ಎತ್ತರದ ಅರ್ಧಕ್ಕಿಂತ ಕಡಿಮೆ, ಅಂದರೆ ನಿಮಗೆ 80 ಸೆಂಟಿಮೀಟರ್ ಒಳಗಿರಬೇಕು. ಕತ್ತಿನ ಹಿಂಭಾಗವನ್ನೂ ನೋಡಿಕೊಳ್ಳಿ. ಚರ್ಮ ಮಖಮಲ್ಲಿನಂತೆ ದಪ್ಪಗೆ, ಕಪ್ಪಾಗಿದ್ದರೆ ಅದು ಕೊಳೆಯಲ್ಲ, ಎಷ್ಟು ಉಜ್ಜಿದರೂ ಹೋಗುವುದಿಲ್ಲ. ಸಾಮಾನ್ಯವಾಗಿ ಅದು ಇನ್ಸುಲಿನ್ ಹೆಚ್ಚಿರುವುದರ ಗುರುತು.

ಊಟ ಬಿಟ್ಟಿದ್ದು ಬೇಡದ ಕೆಲಸ. ಬರೀ ಉಪವಾಸ ಮಾಡಿದರೆ ಕೊಬ್ಬಿನ ಜೊತೆ ಮಾಂಸಖಂಡವೂ ಕರಗುತ್ತದೆ, ಊಟದ ನಂತರ ರಕ್ತದ ಸಕ್ಕರೆಯನ್ನು ಹೆಚ್ಚಾಗಿ ಹೀರಿಕೊಳ್ಳುವುದೇ ಮಾಂಸಖಂಡ. ವಾರಕ್ಕೆ 150 ನಿಮಿಷ ಬಿರುಸಿನ ನಡಿಗೆ, ಎರಡು ದಿನ ಭಾರ ಎತ್ತುವುದೋ ಬಸ್ಕಿ ಹೊಡೆಯುವುದೋ ಮಾಡಿ. ತೂಕ ಇಳಿಯದಿದ್ದರೂ ಮಾಂಸಖಂಡ ಇನ್ಸುಲಿನ್ ಮಾತು ಕೇಳತೊಡಗುತ್ತದೆ. ತೂಕ ಹೆಚ್ಚಿರುವವರಲ್ಲಿ 5ರಿಂದ 10 ಶೇಕಡಾ ಇಳಿದರೂ ಎಷ್ಟೋ ಜನರಿಗೆ ಮುಟ್ಟು ಹಳಿಗೆ ಬರುತ್ತದೆ, ಆದರೆ ನಿಮ್ಮ ತೂಕ ಸರಿಯಾಗಿಯೇ ಇದೆ.

ಥೈರಾಯ್ಡ್ ಮತ್ತು ಪ್ರೊಲ್ಯಾಕ್ಟಿನ್ (ಎದೆಹಾಲಿನ ಹಾರ್ಮೋನ್) ಪರೀಕ್ಷೆ ಆಗಿದೆಯೇ ನೋಡಿ, ಇವು ಏರುಪೇರಾದರೂ ಮುಟ್ಟು ತಪ್ಪುತ್ತದೆ. ಖಾಲಿ ಹೊಟ್ಟೆಯ ಸಕ್ಕರೆ ಎಷ್ಟೋ ಸಲ ಸರಿಯಿದ್ದಂತೆ ಕಾಣುತ್ತದೆ. 75 ಗ್ರಾಂ ಗ್ಲುಕೋಸ್ ಕುಡಿಸಿ ಎರಡು ಗಂಟೆ ಬಿಟ್ಟು ನೋಡಿದಾಗಲೇ ನಿಜ ಗೊತ್ತಾಗುವುದು. ಮುಟ್ಟು ಮೂರು ತಿಂಗಳು ದಾಟಿದರೆ ಕಾಯಬೇಡಿ, ಗರ್ಭಕೋಶದ ಒಳಪದರ ದಪ್ಪವಾಗುತ್ತಾ ಹೋಗುವುದು ಒಳ್ಳೆಯದಲ್ಲ. ಸ್ತ್ರೀರೋಗ ತಜ್ಞರು ನೋಡಿ ಮುಟ್ಟು ಬರಿಸುವ ಪ್ರೊಜೆಸ್ಟಿರಾನ್ ಹಾರ್ಮೋನ್ ಮಾತ್ರೆ ಕೊಡಬಹುದು. ರಾತ್ರಿ ಊಟ ಇವತ್ತಿನಿಂದಲೇ ಶುರು ಮಾಡಿ.