ಓದುಗರ ಪ್ರಶ್ನೆ, ನಮ್ಮ ಉತ್ತರ: ಆಡಿದ ಆಟವನ್ನು ಪಾಡ್‌ಕಾಸ್ಟ್ ಮಾಡುವ ಬಗೆ

ಮೇಜಿನ ಸುತ್ತ ಕುಳಿತು ಆಡುವ ರೋಲ್‌ಪ್ಲೇಯಿಂಗ್ ಆಟಗಳನ್ನು ಧ್ವನಿಮುದ್ರಿಸಿ ಪಾಡ್‌ಕಾಸ್ಟ್ ರೂಪದಲ್ಲಿ ಹೊರತರುವ ಬಗ್ಗೆ ಮೈಸೂರು, ಮಂಡ್ಯ ಕಡೆಯಿಂದ ಬಂದ ಪತ್ರಗಳನ್ನು ಈ ಸಲ ಒಟ್ಟಿಗೆ ತೆಗೆದುಕೊಂಡಿದ್ದೇವೆ. ಆಟದ ಪರಿಚಯವಿಲ್ಲದ ಓದುಗರಿಗಾಗಿ ಎರಡು ಮಾತು ಹೇಳಬೇಕು. ಇದರಲ್ಲಿ ಒಬ್ಬರು ಗೇಮ್ ಮಾಸ್ಟರ್ ಆಗಿ ಕಥೆಯ ಲೋಕವನ್ನೂ ಅಲ್ಲಿ ಎದುರಾಗುವ ಜನರನ್ನೂ ಅಪಾಯಗಳನ್ನೂ ಬಣ್ಣಿಸುತ್ತಾರೆ. ಉಳಿದವರು ಒಂದೊಂದು ಪಾತ್ರ ವಹಿಸಿಕೊಂಡು, ತಮ್ಮ ಪಾತ್ರ ಏನು ಹೇಳುತ್ತದೆ, ಏನು ಮಾಡುತ್ತದೆ ಎಂಬುದನ್ನು ಆ ಕ್ಷಣದಲ್ಲೇ ನಿರ್ಧರಿಸುತ್ತಾರೆ. ಮಾಡಹೊರಟ ಕೆಲಸ ಕೈಗೂಡಿತೇ ಇಲ್ಲವೇ ಎಂಬುದನ್ನು ಬಹುಮಟ್ಟಿಗೆ ದಾಳ ತೀರ್ಮಾನಿಸುತ್ತದೆ. ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ ರೂಪಿಸಿದ ‘ಡಂಜನ್ಸ್ ಅಂಡ್ ಡ್ರ್ಯಾಗನ್ಸ್’ 1974ರಲ್ಲಿ ಅಮೆರಿಕದಲ್ಲಿ ಪ್ರಕಟವಾದ ಮೇಲೆ ಈ ಬಗೆಯ ಆಟ ಹರಡಿತು. ಬೇರೆಯವರು ಆಡುವುದನ್ನು ಕೇಳುವುದಕ್ಕೆಂದೇ ಇಂದು ದೊಡ್ಡ ಅಭಿಮಾನಿ ಬಳಗವಿದೆ.

ಪ್ರಶ್ನೆ: ನಾವು ಐವರು ಗೆಳೆಯರು ಭಾನುವಾರ ಮಧ್ಯಾಹ್ನ ಒಬ್ಬರ ಮನೆಯಲ್ಲಿ ಸೇರಿ ಆಡುತ್ತೇವೆ. ಮೇಜಿನ ನಡುವೆ ಮೊಬೈಲ್ ಇಟ್ಟು ರೆಕಾರ್ಡ್ ಮಾಡಿದರೆ ದಾಳದ ಸದ್ದು ಕಿವಿಗೆ ಹೊಡೆಯುತ್ತದೆ, ತುಸು ದೂರ ಕುಳಿತವರ ಮಾತು ಅರ್ಥವೇ ಆಗುವುದಿಲ್ಲ. ಸ್ಟುಡಿಯೋ ಬಾಡಿಗೆಗೆ ಹಿಡಿಯದೆ ಇದನ್ನು ಸರಿಪಡಿಸಬಹುದೇ?
(ಓದುಗರೊಬ್ಬರು, ಕುವೆಂಪುನಗರ, ಮೈಸೂರು)

ಉತ್ತರ: ಖಂಡಿತ ಸರಿಪಡಿಸಬಹುದು. ಮಹಾರಾಜ ಕಾಲೇಜಿನ ಮನಃಶಾಸ್ತ್ರ ಪ್ರಾಧ್ಯಾಪಕರಾಗಿದ್ದ ಎಂ. ವಿ. ಗೋಪಾಲಸ್ವಾಮಿಯವರು 1935ರಲ್ಲಿ ತಮ್ಮ ಮನೆಯಿಂದಲೇ ಬಾನುಲಿ ಪ್ರಸಾರ ಆರಂಭಿಸಿ, ಅದನ್ನು ‘ಆಕಾಶವಾಣಿ’ ಎಂದು ಕರೆದ ಊರು ನಿಮ್ಮದು. ಮನೆಯ ಕೋಣೆಯಿಂದ ಕೇಳುವಂಥ ಧ್ವನಿಯನ್ನು ಹೊರಡಿಸುವುದು ಅಲ್ಲಿ ಅಸಾಧ್ಯವೆಂದು ನಾವು ಒಪ್ಪುವುದಿಲ್ಲ.

ನಿಮ್ಮ ತೊಂದರೆಗೆ ಮೊಬೈಲ್‌ಗಿಂತ ಮೇಜೇ ಹೆಚ್ಚು ಕಾರಣ. ದಾಳ ಬಿದ್ದಾಗ ಮರದ ಹಲಗೆ ಕಂಪಿಸುತ್ತದೆ, ಆ ಕಂಪನ ಗಾಳಿಯ ಹಂಗಿಲ್ಲದೆ ನೇರವಾಗಿ ಮೊಬೈಲ್‌ನ ಒಡಲಿಗೆ ತಲುಪುತ್ತದೆ. ಮಾತಾದರೋ ಎರಡು ಮೂರು ಅಡಿ ಗಾಳಿಯಲ್ಲಿ ಸಾಗಿ, ಗೋಡೆಗೆ ಬಡಿದು ಮರಳಿದ ತನ್ನದೇ ಪ್ರತಿಧ್ವನಿಯೊಡನೆ ಬೆರೆತು, ಸೊರಗಿ ಬರುತ್ತದೆ. ಆದ್ದರಿಂದ ಮೊದಲ ಕೆಲಸವೆಂದರೆ ದಾಳಕ್ಕೆ ಬೇರೆ ಜಾಗ ಮಾಡುವುದು. ಅಂಚಿರುವ ಮರದ ತಟ್ಟೆಗೋ ಸಣ್ಣ ಬಿದಿರಿನ ಮೊರಕ್ಕೋ ದಪ್ಪ ಬಟ್ಟೆ ಹಾಸಿ, ಅದರ ಕೆಳಗೆ ಮಡಿಸಿದ ಟವೆಲ್ ಇಟ್ಟು, ಎಲ್ಲರೂ ಅದರಲ್ಲೇ ದಾಳ ಹಾಕಲಿ. ಲೋಹದ ದಾಳಗಳು ನೋಡಲು ಚೆನ್ನ, ಆದರೆ ಮೈಕ್ ಇರುವ ದಿನ ಅವು ಬೇಡ. ಇಷ್ಟಾದ ಮೇಲೂ ದಾಳ ಉರುಳುವ ಸದ್ದು ಸಣ್ಣಗೆ ಕೇಳಿಸುತ್ತದೆ. ಅದು ಕೇಳಿಸಬೇಕು ಕೂಡ, ಏಕೆಂದರೆ ಕೇಳುಗರು ಉಸಿರು ಹಿಡಿದು ಕಾಯುವುದು ಆ ಸದ್ದಿಗಾಗಿಯೇ.

ಇನ್ನು ಕೋಣೆ. ನುಣುಪಾದ ನೆಲ ಮತ್ತು ಬರಿಯ ಗೋಡೆಗಳಿರುವ ಕಡೆ ಮಾತು ಗುಂಯ್‌ಗುಡುತ್ತದೆ. ನೆಲಕ್ಕೆ ಜಮಖಾನ ಹಾಸಿ, ಕಿಟಕಿಗಳ ಪರದೆ ಎಳೆದು, ಪ್ರತಿಯೊಬ್ಬರ ಬೆನ್ನ ಹಿಂದಿನ ಗೋಡೆಗೆ ದಪ್ಪನೆಯ ರಜಾಯಿ ಇಳಿಬಿಟ್ಟರೆ ಆಗುವ ವ್ಯತ್ಯಾಸವನ್ನು ಯಾವ ಸಾಫ್ಟ್‌ವೇರ್ ಕೂಡ ಆಮೇಲೆ ತಂದುಕೊಡಲಾರದು. ಸೀಲಿಂಗ್ ಫ್ಯಾನ್ ನಿಲ್ಲಿಸಲೇಬೇಕು. ಏಪ್ರಿಲ್ ತಿಂಗಳ ಮಧ್ಯಾಹ್ನ ಇದು ಆಗದ ಮಾತಾದ್ದರಿಂದ ಆಟವನ್ನು ಬೆಳಗ್ಗೆ ಬೇಗ ಅಥವಾ ಸಂಜೆಗೆ ಬದಲಿಸಿಕೊಳ್ಳಿ. ಪಕ್ಕದ ಅಡುಗೆಮನೆಯಲ್ಲಿ ಕುಕ್ಕರ್ ಕೂಗಿದರೆ ಗೇಮ್ ಮಾಸ್ಟರ್ ಮಾತು ನಿಲ್ಲಿಸಿ, ಸದ್ದು ಅಡಗಿದ ಮೇಲೆ ಆ ವಾಕ್ಯವನ್ನು ಮೊದಲಿನಿಂದ ಹೇಳಲಿ. ಆಟ ಶುರುವಾಗುವ ಮುನ್ನ ಎಲ್ಲರೂ ಅರ್ಧ ನಿಮಿಷ ಸುಮ್ಮನೆ ಕುಳಿತು ಖಾಲಿ ಕೋಣೆಯ ಸದ್ದನ್ನು ಮುದ್ರಿಸಿಕೊಂಡರೆ, ಅದನ್ನೇ ಮಾದರಿಯಾಗಿ ತೋರಿಸಿ ಹಿನ್ನೆಲೆಯ ಗದ್ದಲವನ್ನು ತಗ್ಗಿಸುವ ಸೌಲಭ್ಯ ಉಚಿತವಾಗಿ ಸಿಗುವ ಎಡಿಟಿಂಗ್ ಸಾಫ್ಟ್‌ವೇರ್ ಆಡಾಸಿಟಿಯಲ್ಲೇ ಇದೆ.

ಮೈಕ್ ವಿಷಯದಲ್ಲಿ ನಮ್ಮ ಸಲಹೆ ಒಂದೇ: ಐವರಿಗೆ ಐದು. ಹಣ ಹಾಕುವ ಮನಸ್ಸು ಈಗಲೇ ಇಲ್ಲದಿದ್ದರೆ ಪ್ರತಿಯೊಬ್ಬರೂ ಒಂದೊಂದು ಕಾಲರ್ ಮೈಕ್ ಸಿಕ್ಕಿಸಿಕೊಂಡು, ಮೊಬೈಲನ್ನು ಏರೋಪ್ಲೇನ್ ಮೋಡ್‌ಗೆ ಹಾಕಿ, ತಮ್ಮ ಮಾತನ್ನು ತಾವೇ ಮುದ್ರಿಸಿಕೊಳ್ಳಬಹುದು. ಎಲ್ಲ ಮೊಬೈಲ್‌ಗಳೂ ಓಡತೊಡಗಿದ ಮೇಲೆ ಒಬ್ಬರು ಜೋರಾಗಿ ಒಂದು ಚಪ್ಪಾಳೆ ತಟ್ಟಲಿ. ಎಡಿಟಿಂಗ್ ಮಾಡುವಾಗ ಐದೂ ಫೈಲ್‌ಗಳಲ್ಲಿ ಮೊನಚಾಗಿ ಕಾಣುವ ಆ ಗೆರೆಯನ್ನು ಒಂದರ ಕೆಳಗೊಂದು ಕೂರಿಸಿದರೆ ಮಾತುಗಳು ಹೊಂದಿಕೊಳ್ಳುತ್ತವೆ. ಆಟ ಮುಗಿದಾಗಲೂ ಒಂದು ಚಪ್ಪಾಳೆ ಬೇಕು, ಏಕೆಂದರೆ ಬೇರೆ ಬೇರೆ ಮೊಬೈಲ್‌ಗಳ ಗಡಿಯಾರ ತಾಳ ಹಿಡಿದಂತೆ ನಡೆಯುವುದಿಲ್ಲ, ಮೂರು ಗಂಟೆ ಕಳೆಯುವಷ್ಟರಲ್ಲಿ ಒಂದರ ಮಾತು ಇನ್ನೊಂದಕ್ಕಿಂತ ತುಸು ಹಿಂದೆ ಬಿದ್ದಿರುತ್ತದೆ.

ಮುಂದೆ ಕೊಳ್ಳುವುದಾದರೆ ಡೈನಮಿಕ್ ಮೈಕ್‌ಗಳನ್ನೇ ಕೊಳ್ಳಿ. ಕಂಡೆನ್ಸರ್ ಮೈಕ್ ಸೂಕ್ಷ್ಮವಾದದ್ದು ನಿಜ, ಆದರೆ ಆ ಸೂಕ್ಷ್ಮತೆ ಬೀದಿಯ ಆಟೋ ಹಾರ್ನ್‌ವರೆಗೂ ಚಾಚಿಕೊಳ್ಳುತ್ತದೆ. ಬಾಯಿಂದ ಮೈಕ್‌ಗೆ ಒಂದು ಗೇಣಿಗಿಂತ ಹೆಚ್ಚು ದೂರವಿರಬಾರದು. ಒಂದು ಮೈಕ್‌ನಿಂದ ಇನ್ನೊಂದು ಮೈಕ್‌ಗೆ, ಬಾಯಿಗೂ ಮೈಕ್‌ಗೂ ಇರುವ ದೂರದ ಮೂರು ಪಟ್ಟಾದರೂ ಅಂತರವಿರಲಿ. ಐದೂ ಮೈಕ್‌ಗಳನ್ನು ಬೇರೆ ಬೇರೆ ಟ್ರ್ಯಾಕ್‌ಗಳಲ್ಲಿ ಮುದ್ರಿಸಿಕೊಳ್ಳುವ ರೆಕಾರ್ಡರ್ ಅಥವಾ ಮೈಕ್‌ಗಳನ್ನು ಕಂಪ್ಯೂಟರ್‌ಗೆ ಜೋಡಿಸುವ ಆಡಿಯೋ ಇಂಟರ್‌ಫೇಸ್ ಬೇಕು. ಎಲ್ಲವನ್ನೂ ಒಂದೇ ಟ್ರ್ಯಾಕ್‌ಗೆ ಸುರಿಯುವ ಮಿಕ್ಸರ್ ಕೊಂಡರೆ, ಒಬ್ಬರು ಕೆಮ್ಮಿದಾಗ ಇನ್ನೊಬ್ಬರ ಮಾತನ್ನು ಉಳಿಸಿಕೊಳ್ಳುವ ದಾರಿಯೇ ಇರುವುದಿಲ್ಲ. 48 ಕಿಲೋಹರ್ಟ್ಸ್, 24 ಬಿಟ್ ಗುಣಮಟ್ಟದ, ಕುಗ್ಗಿಸದ ವೇವ್ ಫೈಲ್‌ನಲ್ಲಿ ಒಂದು ಮೈಕ್‌ಗೆ ಗಂಟೆಗೆ ಸುಮಾರು 500 ಎಂಬಿ ಜಾಗ ಹಿಡಿಯುತ್ತದೆ. ಐದು ಮೈಕ್, ಮೂರು ಗಂಟೆ ಎಂದರೆ ಹತ್ತಿರ ಹತ್ತಿರ 8 ಜಿಬಿ, ಕಾರ್ಡ್ ಖಾಲಿ ಇದೆಯೇ ಎಂದು ಮೊದಲೇ ನೋಡಿಕೊಳ್ಳಿ.

ಪ್ರಶ್ನೆ: ನಮ್ಮ ಆಟ ಮೂರು ಗಂಟೆಗೆ ಕಡಿಮೆ ಇರುವುದಿಲ್ಲ. ಎಷ್ಟನ್ನು ಕತ್ತರಿಸಬಹುದು? ಇನ್ನೊಂದು ವಿಷಯವೂ ಇದೆ. ಎಲ್ಲರಿಗೂ ಇಷ್ಟವಾಗಿದ್ದ ಒಂದು ಪಾತ್ರ ಒಂದೇ ಒಂದು ಕೆಟ್ಟ ದಾಳದಿಂದ ಸತ್ತುಹೋಯಿತು. ಆ ಭಾಗವನ್ನು ಮತ್ತೆ ಆಡಿ, ಒಳ್ಳೆಯ ದಾಳ ಬಿದ್ದಂತೆ ಸೇರಿಸಿದರೆ ಕೇಳುಗರಿಗೆ ಹೇಗೂ ಗೊತ್ತಾಗುವುದಿಲ್ಲವಲ್ಲ?
(ಓದುಗರೊಬ್ಬರು, ಮಂಡ್ಯ)

ಉತ್ತರ: ಎರಡನೆಯದಕ್ಕೆ ಮೊದಲು ಉತ್ತರಿಸುತ್ತೇವೆ. ದಯವಿಟ್ಟು ಹಾಗೆ ಮಾಡಬೇಡಿ.

ಬರೆದಿಟ್ಟ ನಾಟಕವನ್ನು ಕೇಳುವವರಿಗೆ ಕಥೆಗಾರರು ಎಲ್ಲವನ್ನೂ ಮೊದಲೇ ತೀರ್ಮಾನಿಸಿದ್ದಾರೆಂಬುದು ತಿಳಿದಿರುತ್ತದೆ. ನಿಮ್ಮ ಪಾಡ್‌ಕಾಸ್ಟ್ ಕೇಳುವವರು ಬರುವುದು ಮೇಜಿನ ಸುತ್ತ ಇರುವ ಯಾರಿಗೂ ಮುಂದೇನಾಗುತ್ತದೆಂದು ಗೊತ್ತಿಲ್ಲ ಎಂಬ ನಂಬಿಕೆಯಿಂದ. ಆ ನಂಬಿಕೆಯನ್ನು ಒಮ್ಮೆ ಕಳೆದುಕೊಂಡರೆ, ಮುಂದಿನ ಕಂತುಗಳಲ್ಲಿ ಇಪ್ಪತ್ತು ಮುಖದ ದಾಳದಲ್ಲಿ ಅತಿ ದೊಡ್ಡ ಅಂಕಿಯಾದ ಇಪ್ಪತ್ತು ನಿಜವಾಗಿ ಬಿದ್ದಾಗಲೂ ಅದಕ್ಕೆ ಬೆಲೆ ಇರುವುದಿಲ್ಲ. ಗೊತ್ತಾಗುವುದಿಲ್ಲವೆಂಬ ಮಾತನ್ನೂ ನಾವು ಒಪ್ಪುವುದಿಲ್ಲ. ದಾಳ ಕೈಯಲ್ಲಿ ಹಿಡಿದು ಹಾಕಲು ಹಿಂಜರಿಯುವ ಕ್ಷಣ, ಅಂಕಿ ಓದುವಾಗ ಕುಸಿಯುವ ದನಿ, ಪಕ್ಕದವರು ಆಡಲು ಹೋಗಿ ನುಂಗಿಕೊಂಡ ಮಾತು, ಇವು ಎರಡನೆಯ ಸಲ ಆಡಿದಾಗ ಬರುವುದಿಲ್ಲ. ಧ್ವನಿಯನ್ನೇ ನೆಚ್ಚಿಕೊಂಡಿರುವ ಕೇಳುಗರ ಕಿವಿ ಇದನ್ನು ಬೇಗ ಹಿಡಿಯುತ್ತದೆ. ಒಂದು ಕೆಟ್ಟ ದಾಳದಿಂದ ಪಾತ್ರ ಸಾಯಬಾರದೆಂಬುದು ನಿಮ್ಮ ತಂಡದ ಅಭಿಪ್ರಾಯವಾಗಿದ್ದರೆ, ಮುಂದಿನ ಆಟಕ್ಕೆ ಮೊದಲು ನಿಯಮವನ್ನೇ ಬದಲಿಸಿಕೊಳ್ಳಿ, ಬದಲಿಸಿದ್ದನ್ನು ಮೈಕ್ ಮುಂದೆಯೇ ಹೇಳಿಬಿಡಿ. ಆ ಪಾತ್ರದ ಸಾವನ್ನು ಇದ್ದಂತೆಯೇ ಪ್ರಸಾರ ಮಾಡಿ. ಆ ಕಂತನ್ನು ಕೇಳಿದವರು ನಿಮ್ಮನ್ನು ಬಿಟ್ಟು ಹೋಗುವುದಿಲ್ಲ.

ಕತ್ತರಿಸುವ ವಿಷಯದಲ್ಲಿ ಎರಡು ದಾರಿಗಳಿವೆ. 2015ರಲ್ಲಿ ಆರಂಭವಾದ ‘ಕ್ರಿಟಿಕಲ್ ರೋಲ್’ ಎಂಬ ಅಮೆರಿಕದ ಇಂಥದೇ ಆಟದ ಕಾರ್ಯಕ್ರಮ ಮೊದಲ ವರ್ಷಗಳಲ್ಲಿ ನೇರಪ್ರಸಾರವಾಗುತ್ತಿತ್ತು, ಮೂರು ನಾಲ್ಕು ಗಂಟೆಯ ಆಟವನ್ನು ಜನ ಇಡಿಯಾಗಿ ಕೇಳಿದರು. ಅದರ ಕಥೆಯನ್ನು ಆನಿಮೇಷನ್ ಮಾಡಲು 2019ರಲ್ಲಿ ಏಳೂವರೆ ಲಕ್ಷ ಡಾಲರ್ ಕೇಳಿದಾಗ, ಅಭಿಮಾನಿಗಳು ಒಂದು ಕೋಟಿ ಹತ್ತು ಲಕ್ಷ ಡಾಲರ್‌ಗೂ ಹೆಚ್ಚು ಕೊಟ್ಟರು. ಆದರೆ ಅಲ್ಲಿ ಆಡುವವರು ವೃತ್ತಿಯಿಂದಲೇ ಕಂಠದಾನ ಕಲಾವಿದರು ಎಂಬುದನ್ನು ಮರೆಯಬಾರದು. 2014ರ ‘ದಿ ಅಡ್ವೆಂಚರ್ ಝೋನ್’ ಪಾಡ್‌ಕಾಸ್ಟ್‌ನಲ್ಲಿ ಮೂವರು ಸಹೋದರರು ತಮ್ಮ ತಂದೆಯೊಡನೆ ಆಡಿದ ಆಟವನ್ನು ಎಡಿಟ್ ಮಾಡಿ, ಸಂಗೀತ ಸೇರಿಸಿ, ಚಿಕ್ಕದಾಗಿ ಹೊರತಂದರು. ಹೊಸ ತಂಡಕ್ಕೆ ಎರಡನೆಯ ದಾರಿಯೇ ಸರಿ ಎಂಬುದು ನಮ್ಮ ಖಚಿತ ಅಭಿಪ್ರಾಯ. ಮೂರು ಗಂಟೆಯ ಆಟ ಒಂದು ಒಂದೂಕಾಲು ಗಂಟೆಗೆ ಇಳಿಯಲಿ.

ನಿಯಮದ ಪುಸ್ತಕ ತಿರುವಿದ ಹೊತ್ತು, ಕೂಡಿ ಕಳೆದ ಲೆಕ್ಕ, ಕಾಫಿ ಬಂದಾಗಿನ ಹರಟೆ, ಒಂದೇ ಯೋಜನೆಯನ್ನು ಮೂರನೆಯ ಸಲ ಚರ್ಚಿಸಿದ್ದು, ಇವೆಲ್ಲ ಹೋಗಲಿ. ತೀರ್ಮಾನಕ್ಕೆ ಮುಂಚಿನ ಮೌನವನ್ನು ಮಾತ್ರ ಕತ್ತರಿಸಬೇಡಿ. ಎಡಿಟಿಂಗ್‌ನಿಂದ ಪರಿಹಾರವಾಗದ ತೊಂದರೆಯೊಂದಿದೆ: ಮೇಜಿನ ಮೇಲಿನ ನಕ್ಷೆ ಕೇಳುಗರಿಗೆ ಕಾಣುವುದಿಲ್ಲ. ‘ನಾನು ಇಲ್ಲಿಗೆ ಬರುತ್ತೇನೆ’ ಎಂದು ನಕ್ಷೆಯ ಮೇಲೆ ತಮ್ಮ ಪಾತ್ರದ ಗೊಂಬೆ ಸರಿಸಿದರೆ ಕೇಳುವವರಿಗೆ ಏನೂ ತಿಳಿಯದು. ‘ಬಾವಿಕಟ್ಟೆ ದಾಟಿ ಗುಡಿಯ ಬಾಗಿಲ ಬಳಿ ನಿಲ್ಲುತ್ತೇನೆ’ ಎಂದು ಹೇಳುವ ಅಭ್ಯಾಸವನ್ನು ಎಲ್ಲರೂ ಮಾಡಿಕೊಳ್ಳಬೇಕು. ಹಾಗೆಯೇ ಬಿದ್ದ ಅಂಕಿಯನ್ನು ಪ್ರತಿ ಸಲವೂ ಬಾಯಿಬಿಟ್ಟು ಹೇಳಲಿ.

ಕೊನೆಯಲ್ಲಿ ಮೋನೋ (ಒಂದೇ ಚಾನೆಲ್‌ನ) ಫೈಲನ್ನು ಮೈನಸ್ 19 ಎಲ್‌ಯುಎಫ್‌ಎಸ್ (ಕಿವಿಗೆ ಕೇಳುವ ಒಟ್ಟಾರೆ ಗಟ್ಟಿತನದ ಅಳತೆ) ಮಟ್ಟಕ್ಕೆ ತಂದು, 64 ಕೆಬಿಪಿಎಸ್ ಎಂಪಿ3 ಮಾಡಿದರೆ ಗಂಟೆಯ ಕಂತಿಗೆ 30 ಎಂಬಿಗಿಂತ ಕಡಿಮೆ ಸಾಕು. ಬಸ್ಸಿನಲ್ಲಿ ಕೇಳುವವರಿಗೆ ಅನುಕೂಲ.

ಪ್ರಶ್ನೆ: ನಾವು ಆಡುವಾಗ ನಮ್ಮ ಕಡೆಯ ಮಾತನ್ನೇ ಆಡುತ್ತೇವೆ. ರೆಕಾರ್ಡ್ ಮಾಡುವಾಗ ಗ್ರಂಥದ ಕನ್ನಡಕ್ಕೆ ಬದಲಾಯಿಸಿಕೊಳ್ಳಬೇಕೇ?
(ಓದುಗರೊಬ್ಬರು, ಶ್ರೀರಂಗಪಟ್ಟಣ)

ಉತ್ತರ: ಬೇಡ. ಯೋಚಿಸಿ ಭಾಷಾಂತರಿಸಿಕೊಂಡು ಆಡುವ ಮಾತಿನಲ್ಲಿ ಆಟದ ವೇಗವೇ ಸತ್ತುಹೋಗುತ್ತದೆ. ಗೇಮ್ ಮಾಸ್ಟರ್ ಮಾಡುವ ವರ್ಣನೆ ಬೇಕಿದ್ದರೆ ಸ್ವಲ್ಪ ಬಿಗಿಯಾದ ಕನ್ನಡದಲ್ಲಿರಲಿ, ಆಗ ಪಾತ್ರಗಳ ಮಾತು ಬೇರೆಯಾಗಿ ಎದ್ದು ಕೇಳಿಸುತ್ತದೆ. ಒಂದು ಎಚ್ಚರಿಕೆ ಮಾತ್ರ ಹೇಳಬೇಕು. ನಿಮ್ಮ ಕಡೆಯ ಊರುಗಳಲ್ಲಿ ಪೌರಾಣಿಕ ನಾಟಕ ಆಡಿ ಅಭ್ಯಾಸವಿರುವವರು ತಂಡದಲ್ಲಿದ್ದರೆ, ಕೊನೆಯ ಸಾಲಿಗೆ ಮುಟ್ಟಿಸುವ ಆ ಗಂಟಲು ಹತ್ತಿರದ ಮೈಕ್‌ನಲ್ಲಿ ಒಡೆದು ಕೇಳುತ್ತದೆ. ಅವರು ಅತಿ ಜೋರಾಗಿ ಮಾತನಾಡಿದಾಗ ರೆಕಾರ್ಡರ್‌ನ ಮೀಟರ್‌ನಲ್ಲಿ ಮಟ್ಟ ಮೈನಸ್ 12 ಡೆಸಿಬಲ್ ಸುತ್ತ ನಿಲ್ಲುವಂತೆ ಮೊದಲೇ ಹೊಂದಿಸಿ, ಅಬ್ಬರಿಸುವಾಗ ಮುಖವನ್ನು ಮೈಕ್‌ನಿಂದ ತುಸು ಪಕ್ಕಕ್ಕೆ ತಿರುಗಿಸಲು ಹೇಳಿ.

ಪ್ರಶ್ನೆ: ಪ್ರಕಟಿತ ಆಟದ ನಿಯಮಗಳನ್ನು ಬಳಸಿ ಪಾಡ್‌ಕಾಸ್ಟ್ ಮಾಡಿದರೆ ಕಾಪಿರೈಟ್ ತೊಂದರೆ ಬರುತ್ತದೆಯೇ? ಹಿನ್ನೆಲೆಗೆ ಸಿನಿಮಾ ಹಾಡಿನ ತುಣುಕು ಹಾಕಬಹುದೇ? ಮೂವತ್ತು ಸೆಕೆಂಡಿನವರೆಗೆ ಪರವಾಗಿಲ್ಲ ಎನ್ನುತ್ತಾರೆ.
(ಓದುಗರೊಬ್ಬರು, ಸರಸ್ವತಿಪುರಂ, ಮೈಸೂರು)

ಉತ್ತರ: ಮೂವತ್ತು ಸೆಕೆಂಡಿನ ವಿನಾಯಿತಿ ಎಂಬುದು ನಮ್ಮ 1957ರ ಕಾಪಿರೈಟ್ ಕಾಯ್ದೆಯಲ್ಲಿ ಇಲ್ಲ. ಸಿನಿಮಾ ಹಾಡಿನಲ್ಲಿ ಸಾಹಿತ್ಯ, ರಾಗಸಂಯೋಜನೆ, ಧ್ವನಿಮುದ್ರಿಕೆ ಮೂರಕ್ಕೂ ಬೇರೆ ಬೇರೆ ಹಕ್ಕುಗಳಿರುತ್ತವೆ, ಅನುಮತಿಯಿಲ್ಲದೆ ಬಳಸಬೇಡಿ. ಮೈಸೂರಿನಲ್ಲಿ ಸಂಗೀತ ಕಲಿಯುವವರಿಗೆ ಕೊರತೆಯಿಲ್ಲ. ವೀಣೆಯೋ ಕೊಳಲೋ ನುಡಿಸುವ ಗೆಳೆಯರಿಂದ ಎರಡು ನಿಮಿಷ ನುಡಿಸಿಕೊಂಡು, ಬಳಸಲು ಒಪ್ಪಿಗೆಯನ್ನು ಬರಹದಲ್ಲಿ ಪಡೆಯಿರಿ. ಕೃತಿಯ ಹಕ್ಕು ರಚಿಸಿದವರು ತೀರಿಕೊಂಡ ಮುಂದಿನ ವರ್ಷದಿಂದ 60 ವರ್ಷ ಇರುತ್ತದೆ. ಕರ್ನಾಟಕ ಸಂಗೀತದ ವಾಗ್ಗೇಯಕಾರ ಮೈಸೂರು ವಾಸುದೇವಾಚಾರ್ಯರು 1961ರಲ್ಲಿ ನಿಧನರಾದ್ದರಿಂದ, ಅವರ ಜೀವಿತಾವಧಿಯಲ್ಲೇ ಪ್ರಕಟವಾದ ಕೃತಿಗಳ ಅವಧಿ 2021ರ ಕೊನೆಗೆ ಮುಗಿದಿದೆ. ನಿಮ್ಮ ಗೆಳೆಯರು ಅವನ್ನು ನಿಮಗಾಗಿ ನುಡಿಸಬಹುದು. ಬೇರೆ ವಿದ್ವಾಂಸರು ನುಡಿಸಿದ ಧ್ವನಿಮುದ್ರಿಕೆಗೆ ಮಾತ್ರ ಪ್ರತ್ಯೇಕ ಹಕ್ಕಿದೆ.

ಆಟದ ವಿಷಯಕ್ಕೆ ಬಂದರೆ, ಆಡುವ ವಿಧಾನಕ್ಕೆ ಕಾಪಿರೈಟ್ ಇಲ್ಲ, ಅದನ್ನು ವಿವರಿಸಿದ ಬರಹಕ್ಕೂ ಚಿತ್ರಗಳಿಗೂ ಇದೆ. ಡಂಜನ್ಸ್ ಅಂಡ್ ಡ್ರ್ಯಾಗನ್ಸ್‌ನ ಮೂಲ ನಿಯಮಗಳ ಸಂಗ್ರಹವಾದ ಎಸ್‌ಆರ್‌ಡಿ 5.1 ಅನ್ನು 2023ರ ಜನವರಿಯಲ್ಲಿ ಕ್ರಿಯೇಟಿವ್ ಕಾಮನ್ಸ್ ಪರವಾನಗಿಯಡಿ ಬಿಡುಗಡೆ ಮಾಡಲಾಗಿದೆ. ಮೂಲವನ್ನು ಹೆಸರಿಸಿದರೆ ಅದರಲ್ಲಿರುವುದನ್ನು ಬಳಸಬಹುದು. ಮಾರಾಟಕ್ಕಿರುವ ಸಾಹಸಕಥೆಯ ಪುಸ್ತಕಗಳಿಂದ ಪುಟಗಟ್ಟಲೆ ಓದುವುದು ಬೇರೆ ಮಾತು, ಅದನ್ನು ಮಾಡಬೇಡಿ. ಕಾವೇರಿಯ ದಂಡೆಯಲ್ಲೋ ಮೇಲುಕೋಟೆಯ ಬೆಟ್ಟದಂಥ ಬೆಟ್ಟದಲ್ಲೋ ನಡೆಯುವ ನಿಮ್ಮದೇ ಲೋಕವನ್ನು ಕಟ್ಟಿಕೊಂಡರೆ ಈ ಗೋಜೂ ಇಲ್ಲ, ಕನ್ನಡದ ಕೇಳುಗರಿಗೂ ಅದು ಹತ್ತಿರವಾಗುತ್ತದೆ.

ಪ್ರಶ್ನೆ: ನಮ್ಮಲ್ಲಿ ಒಬ್ಬರಿಗೆ ತಮ್ಮ ದನಿ ಹೊರಗೆ ಹೋಗುವುದು ಇಷ್ಟವಿಲ್ಲ, ಆದರೆ ಆಟ ಬಿಡಲೂ ಮನಸ್ಸಿಲ್ಲ. ಏನು ಮಾಡೋಣ?
(ಓದುಗರೊಬ್ಬರು, ಮದ್ದೂರು)

ಉತ್ತರ: ಅವರನ್ನು ಒಪ್ಪಿಸಲು ಹೋಗಬೇಡಿ. ಅವರ ಟ್ರ್ಯಾಕ್ ಒಂದನ್ನೇ ಅಳಿಸಿದರೆ ಸಾಕೆಂದು ತೋರಬಹುದು, ಆದರೆ ಉಳಿದವರ ಮೈಕ್‌ಗಳಲ್ಲೂ ಅವರ ದನಿ ಸಣ್ಣಗೆ ಸೇರಿರುತ್ತದೆ, ಅವರ ಮಾತಿಗೆ ಬಂದ ಉತ್ತರಗಳು ಎಲ್ಲರ ಬಾಯಲ್ಲೂ ಇರುತ್ತವೆ. ಆದ್ದರಿಂದ ಈಗಿನ ಕಥೆಯನ್ನು ಮೈಕ್ ಇಲ್ಲದೆಯೇ ಮುಂದುವರಿಸಿ. ಪಾಡ್‌ಕಾಸ್ಟ್‌ಗೆ ಒಪ್ಪಿದವರು ಮಾತ್ರ ಇನ್ನೊಂದು ದಿನ ಸೇರಿ ಬೇರೆ ಕಥೆಯನ್ನು ಹೊಸದಾಗಿ ಆರಂಭಿಸಲಿ. ಅದಕ್ಕೆ ನಕ್ಷೆ ಬರೆಯುವುದು, ಕಂತು ಹೊರಬೀಳುವ ಮುನ್ನ ಕೇಳಿ ತಪ್ಪು ಹೇಳುವುದು, ಇಂಥ ಕೆಲಸಗಳಲ್ಲಿ ದನಿ ಕೊಡಲು ಒಲ್ಲದ ಆ ಗೆಳೆಯರಿಗೆ ಆಸಕ್ತಿ ಇದ್ದರೆ ಧಾರಾಳವಾಗಿ ಸೇರಿಸಿಕೊಳ್ಳಿ. ಒಪ್ಪಿದವರೂ ಪ್ರತಿ ಕಂತನ್ನು ಪ್ರಕಟಣೆಗೆ ಮುಂಚೆ ಕೇಳಿ, ತಮ್ಮ ಮನೆಯ ವಿಳಾಸವೋ ಕಚೇರಿಯ ಹೆಸರೋ ಬಾಯಿತಪ್ಪಿ ಬಂದಿದ್ದರೆ ತೆಗೆಸುವ ಅವಕಾಶವಿರಲಿ. ಇದಕ್ಕೆ ಎರಡು ದಿನ ಮೀಸಲಿಟ್ಟು ಪ್ರಕಟಣೆಯ ದಿನವನ್ನು ಗೊತ್ತುಮಾಡಿ.